ಮಾತಿನ ಡಾಕ್ಟರಮ್ಮ ಮತ್ತು ಅವಳ ಅಕ್ಕ

ಆಸ್ಪತ್ರೆಯಲ್ಲಿ ಅವಳಿಗೆ ಮಾತಿನ ಡಾಕ್ಟರಮ್ಮ ಎಂದು ಹೆಸರು ಬಿದ್ದದ್ದು ಹೊರರೋಗಿ ವಿಭಾಗದ ಕಾವಲುಗಾರನಿಂದ. ಮನಸ್ಸಿನ ತೊಂದರೆಯವರು ಬಂದು ದಾರಿ ಕೇಳಿದರೆ ಅವನು, "ಮಾತ್ರೆ ಡಾಕ್ಟರಾ, ಮಾತಿನ ಡಾಕ್ಟರಮ್ಮನಾ?" ಎಂದು ಮರುಪ್ರಶ್ನೆ ಹಾಕುತ್ತಿದ್ದ. ಮಾತಿನವರಾದರೆ ಕಾರಿಡಾರಿನ ಕೊನೆಗೆ ಹೋಗಿ ಎಡಕ್ಕೆ ತಿರುಗಬೇಕು. ಹಿಂದೊಮ್ಮೆ ಎಕ್ಸ್‌ರೇ ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆಗೆ ಅಡ್ಡಲಾಗಿ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವಳ ಸಹೋದ್ಯೋಗಿ. ಕಿಟಕಿ ಇಲ್ಲ. ಗೋಡೆಯ ಮೇಲ್ಗಡೆ ಒಂದು ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ಎಳೆದು ಹಾಕುತ್ತ ಗೊರಗುಟ್ಟುತ್ತಿತ್ತು. ಎರಡು ಕುರ್ಚಿ, ಒಂದು ಸಣ್ಣ ಮೇಜು, ಮೂಗೊರೆಸುವ ಕಾಗದದ ಡಬ್ಬಿ. "ಸೂಜಿ ಇಲ್ಲ, ಔಷಧಿ ಇಲ್ಲ, ಇವರೇನು ವಾಸಿ ಮಾಡ್ತಾರೆ?" ಎಂದು ಗೊಣಗುತ್ತ ಒಳಗೆ ಬಂದವರು ಹೊರಗೆ ಹೋಗುವಾಗ ಆ ಡಬ್ಬಿಯಿಂದ ಎರಡು ಕಾಗದ ಎಳೆದುಕೊಂಡೇ ಹೋಗುತ್ತಿದ್ದರು.

ನಲವತ್ತು ದಾಟಿದ ಹೆಂಗಸು. ಸಣ್ಣ ಮೈಕಟ್ಟು, ದಪ್ಪ ಕನ್ನಡಕ, ಎದುರಿನವರು ಮಾತು ನಿಲ್ಲಿಸಿದರೆ ತಾನೂ ಸುಮ್ಮನೆ ಕೂರಬಲ್ಲ ತಾಳ್ಮೆ. ವಾರಕ್ಕೊಮ್ಮೆ ತರಬೇತಿಗೆ ಬಂದ ಹುಡುಗ ಹುಡುಗಿಯರಿಗೆ ಪಾಠವನ್ನೂ ಮಾಡುತ್ತಿದ್ದಳು. ಚಿಕಿತ್ಸೆ ಮಾಡುವವರು ಯಾವ ಸಿದ್ಧಾಂತದ ಮೇಲೆ ನಿಂತು ಮಾಡುತ್ತಾರೆ ಎಂಬುದೇ ಪಾಠ. ಅದನ್ನು ಹೇಳುವಾಗ ಅವಳ ದನಿಗೆ ಎಲ್ಲಿಂದಲೋ ಕಸುವು ಬರುತ್ತಿತ್ತು.

"ರೋಗಿಗೆ ನೀವು ಒಂದು ಮಾತು ಹೇಳಿದಿರಿ. ಯಾಕೆ ಹೇಳಿದಿರಿ ಅಂತ ಯಾರಾದರೂ ಕೇಳಿದರೆ, 'ಹಾಗನ್ನಿಸ್ತು' ಅನ್ನಬೇಡಿ. ಹಾಗನ್ನಿಸೋದು ಅತ್ತೆಯಂದಿರಿಗೂ ಅನ್ನಿಸುತ್ತೆ, ಪಕ್ಕದ ಮನೆಯವರಿಗೂ ಅನ್ನಿಸುತ್ತೆ. ಒಳ್ಳೆ ಮನಸ್ಸು ಒಂದೇ ಸಾಲೋ ಹಾಗಿದ್ದರೆ ನಿಮ್ಮನ್ನ ಇಷ್ಟು ವರ್ಷ ಓದಿಸೋ ಅಗತ್ಯವೇ ಇರಲಿಲ್ಲ."

ಆಮೇಲೆ ಅವಳು ಸೇತುವೆಗೆ ಹೆದರುವ ಲಾರಿ ಚಾಲಕನ ಉದಾಹರಣೆ ಕೊಡುತ್ತಿದ್ದಳು. ಒಂದು ಪಂಥದವರ ಪ್ರಕಾರ ಭಯ ಕಲಿತುಕೊಂಡದ್ದು. ಅವನು ಸೇತುವೆ ಬಿಟ್ಟು ಸುತ್ತುದಾರಿ ಹಿಡಿದಾಗಲೆಲ್ಲ ಜೀವಕ್ಕೆ ಹಾಯೆನಿಸುತ್ತದೆ, ಆ ಹಾಯೆನಿಸುವುದೇ ಭಯಕ್ಕೆ ಮೇವು. ಅವನನ್ನು ಸೇತುವೆಯ ಮೇಲೆ ನಿಲ್ಲಿಸಿ, ಭಯ ಏರಿ ತಾನಾಗಿ ಇಳಿಯುವವರೆಗೂ ಕಾಯಬೇಕು. ಇನ್ನೊಂದು ಪಂಥದವರು, ಅವನು ಕೂಸಾಗಿದ್ದಾಗ ಹೆದರಿ ಅತ್ತರೆ ಯಾರು ಎತ್ತಿಕೊಳ್ಳುತ್ತಿದ್ದರು ಎಂದು ಕೇಳುತ್ತಾರೆ. ಮತ್ತೊಬ್ಬರು, ಸೇತುವೆ ಕಂಡ ಕೂಡಲೇ ಅವನು ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ ನೋಡಿ ಎನ್ನುತ್ತಾರೆ. ಅವನ ಭಯದ ಸುತ್ತ ಇಡೀ ಮನೆ ಹೇಗೆ ಹೊಂದಿಕೊಂಡು ಕೂತಿದೆ ಎಂದು ನೋಡುವವರೂ ಇದ್ದಾರೆ.

"ಈಗ, ಪಕ್ಕದಲ್ಲಿ ಹೆಂಡತಿ ಕೂತರೆ ಮಾತ್ರ ಅವನು ಸೇತುವೆ ದಾಟ್ತಾನೆ ಅಂತಿಟ್ಕೊಳ್ಳಿ. ಪಾಪ, ಆಕೆ ದಿನಾ ಬಂದು ಕೂರ್ತಾಳೆ. ಒಳ್ಳೆಯದೇ ಅಲ್ವಾ? ಅಲ್ಲ. ಸೇತುವೆ ಗಟ್ಟಿಯಾಗಿದೆ ಅಂತ ಅವನಿಗೆ ಯಾವತ್ತೂ ಗೊತ್ತಾಗೋದೇ ಇಲ್ಲ. ಹೆಂಡತಿ ಗಟ್ಟಿ ಅಂತ ಮಾತ್ರ ಗೊತ್ತಾಗುತ್ತೆ."

ಹೀಗೆ ಹೇಳುತ್ತಿರುವಾಗಲೇ ಮೇಜಿನ ಮೇಲಿದ್ದ ಅವಳ ಚೀಲದೊಳಗೆ ಫೋನು ಗುಂಯ್‌ಗುಡುತ್ತಿತ್ತು. "ಒಂದ್ನಿಮಿಷ" ಎಂದು ಅವಳು ಹೊರಗೆ ಹೋಗುತ್ತಿದ್ದಳು. ಬಾಗಿಲು ಪೂರ್ತಿ ಮುಚ್ಚುವ ಮೊದಲು ಒಳಗಿದ್ದವರಿಗೆ, "ಇಲ್ಲೇ ಇದೀನಿ ಅಕ್ಕಾ, ಬಂದ್ಬಿಡ್ತೀನಿ" ಎಂಬುದು ಕೇಳಿಸುತ್ತಿತ್ತು.

ಅಕ್ಕ ಅಂದರೆ ಬರೀ ಅಕ್ಕ ಅಲ್ಲ. ತಾಯಿ ತೀರಿಕೊಂಡಾಗ ಡಾಕ್ಟರಮ್ಮನಿಗೆ ಏಳು ವರ್ಷ, ಅಕ್ಕ ಆಗಷ್ಟೇ ಕಾಲೇಜಿಗೆ ಸೇರಿದ್ದಳು. ಅಪ್ಪ ಬದುಕಿದ್ದೂ ಇಲ್ಲದಂತಾದ. ಕೆಲಸದಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುವುದಷ್ಟೇ ಅವನಿಂದಾದದ್ದು. ಅಕ್ಕ ಕಾಲೇಜು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತಳು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಬಿಳಿ ಕೋಟು, ಏನು ಬಂದರೂ ಹೊಲಿದಳು. ತಂಗಿಯ ಜಡೆ ಹೆಣೆದದ್ದು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಪರೀಕ್ಷೆಯ ದಿನ ಗೇಟಿನ ಹೊರಗೆ ನಿಂತಿದ್ದು ಎಲ್ಲ ಅಕ್ಕನೇ. ತನಗೆ ಬಂದ ಗಂಡುಗಳನ್ನು, "ಇವಳ ಓದೊಂದು ಮುಗೀಲಿ" ಎಂದು ವಾಪಸು ಕಳಿಸಿದಳು. ಇವಳ ಓದು ಮುಗಿಯುವ ಹೊತ್ತಿಗೆ ಅಪ್ಪನೂ ಹೋದ, ಗಂಡುಗಳು ಬರುವುದೂ ನಿಂತಿತು.

ಒಂದು ದಿನ ನೂಲು, ಗುಂಡಿ ತರಲು ಹೋಗಿದ್ದ ಅಕ್ಕ ಗಿಜಿಗುಡುವ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಳು. ಉಸಿರು ಸಿಗಲಿಲ್ಲ, ಕೈ ಮರಗಟ್ಟಿತು, ಇದೇ ಕೊನೆ ಎನಿಸಿತು. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ತಂದು ಹಾಕಿದರು. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹೃದಯ ಕಲ್ಲುಗುಂಡಿನ ಹಾಗಿದೆ, ಗಾಬರಿ ಅಷ್ಟೇ" ಎಂದರು. ಅಷ್ಟೇ ಎಂದದ್ದು ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕ ಮೊದಲು ಬಸ್ಸು ಬಿಟ್ಟಳು, ಆಮೇಲೆ ಮಾರುಕಟ್ಟೆ ಬಿಟ್ಟಳು, ಆಮೇಲೆ ಬೀದಿ ಬಿಟ್ಟಳು. ಕೊನೆಗೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಹಿಂದೆ ಅವಳ ಪ್ರಪಂಚ ನಿಂತಿತು. ಅಲ್ಲೂ ಒಬ್ಬಳೇ ಇದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ತಂಗಿಯ ದನಿ ಕೇಳಿದರೆ ಇಳಿಯುತ್ತಿತ್ತು.

ಹಾಗಾಗಿ ಫೋನು. ಆಸ್ಪತ್ರೆ ತಲುಪಿದ ಕೂಡಲೇ ತಂಗಿ ಒಂದು ಮಾಡುತ್ತಿದ್ದಳು, ಆಮೇಲೆ ಅಕ್ಕನ ಸರದಿ. ಒಮ್ಮೊಮ್ಮೆ ದನಿ ಸಾಲದೇ ಆಳೇ ಬೇಕಾಗುತ್ತಿತ್ತು. ಎದುರಿಗಿದ್ದ ರೋಗಿಯನ್ನು ಸಹೋದ್ಯೋಗಿಗೆ ಒಪ್ಪಿಸಿ ಅವಳು ಮನೆಗೆ ಓಡುತ್ತಿದ್ದಳು. ಮದುವೆ ಮನೆಗೆ ಹೋದರೆ ಊಟಕ್ಕೆ ಕೂರುವ ಮೊದಲೇ ಎದ್ದು ಬರಬೇಕು. ಸಿನಿಮಾ ಎಂದೋ ನಿಂತಿತ್ತು. ಪರಸ್ಥಳದಲ್ಲಿ ರಾತ್ರಿ ಉಳಿಯುವ ಮಾತೇ ಇಲ್ಲ. ಹಿಂದೆ ಒಬ್ಬರು ಅವಳನ್ನು ಮದುವೆಯಾಗಲು ಬಹಳ ಕಾಲ ಕಾದರು; ಕೊನೆಗೆ ಒಂದು ಸಂಜೆ ಚಹಾ ಕುಡಿಯುತ್ತ, "ನೀವು ಆಗಲೇ ಮದುವೆಯಾದವರ ಹಾಗೇ ಇದೀರಿ" ಎಂದು ನಕ್ಕು ಹೊರಟುಹೋದರು.

ಬೇರೆಯವರಿಗೆ ತೋರಿಸೋಣ ಎಂದರೆ ಅಕ್ಕ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. "ಮನೆಯಲ್ಲೇ ಡಾಕ್ಟರ್ ಇಟ್ಕೊಂಡು ಹೊರಗೆ ಯಾಕೆ ಹೋಗಲಿ?"

"ನಾನು ನಿನ್ನ ನೋಡೋ ಹಾಗಿಲ್ಲ ಅಕ್ಕಾ. ಸ್ವಂತದವರಿಗೆ ಚಿಕಿತ್ಸೆ ಮಾಡಬಾರದು ಅಂತ ನಮ್ಮಲ್ಲಿ ನಿಯಮ ಇದೆ."

"ನಿನಗೆ ಜ್ವರ ಬಂದಾಗ ನಾನು ಯಾವ ನಿಯಮ ನೋಡ್ದೆ ಪುಟ್ಟೀ?"

ತಾನು ಕಲಿಸುವ ಸೇತುವೆಯ ಪಾಠದಲ್ಲಿ ಪಕ್ಕದಲ್ಲಿ ಕೂರುವ ಹೆಂಡತಿ ತಾನೇ ಎಂದು ಡಾಕ್ಟರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಭಯಕ್ಕೆ ಮೇವು ಹಾಕುತ್ತಿರುವುದು ತನ್ನದೇ ಕೈ. ಒಂದು ಸಿದ್ಧಾಂತ ಫೋನು ಎತ್ತಬೇಡ ಎನ್ನುತ್ತಿತ್ತು. ಇನ್ನೊಂದು, ತಾಯಿಯನ್ನು ಕಳೆದುಕೊಂಡು ತಾನೇ ತಾಯಿಯಾದ ಹುಡುಗಿಯನ್ನು ನಡುನೀರಿನಲ್ಲಿ ಬಿಡುತ್ತೀಯಾ ಎಂದು ಕೇಳುತ್ತಿತ್ತು. ಎರಡೂ ನಿಜವಾಗಿದ್ದವು. ಎರಡರ ನಡುವೆ ಅವಳು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಗಾಣಕ್ಕೆ ಕಟ್ಟಿದವಳ ಹಾಗೆ ಸುತ್ತುತ್ತಿದ್ದಳು.

ಹೀಗಿರುವಾಗ ಅವಳ ಹಳೆಯ ಮೇಷ್ಟ್ರಿಂದ ಕರೆ ಬಂತು. ರೈಲಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಅವರು ಕಾಲೇಜಿನ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ನಿವೃತ್ತರಾಗುವವರಿದ್ದರು.

"ಸಿದ್ಧಾಂತದ ಪಾಠ ನಿನಗೆ ಬಿಟ್ಟು ಹೋಗ್ಬೇಕು ಅಂತ ಆಸೆ" ಎಂದರು ಮೇಷ್ಟ್ರು. "ಬೇರೆಯವರು ಅದನ್ನ ಪರೀಕ್ಷೆಗೆ ಓದಿಸ್ತಾರೆ. ನೀನು ಅದರ ಮೇಲೆ ನಿಂತು ಕೆಲಸ ಮಾಡಿದವಳು. ಯೋಚನೆ ಮಾಡು, ಅವಸರ ಇಲ್ಲ."

ಫೋನಿಟ್ಟ ಮೇಲೆ ಅವಳಿಗೆ ತನ್ನ ಕೋಣೆ ಮೊದಲ ಸಲ ನಿಜಕ್ಕೂ ಇಕ್ಕಟ್ಟೆನಿಸಿತು. ಅಂಥ ಪಾಠ ಮಾಡಬೇಕೆಂದು ಅವಳು ಕನಸು ಕಂಡದ್ದುಂಟು. ಅವಳು ಎದ್ದು ಪ್ಲೈವುಡ್ಡಿನ ಆಚೆಯ ಕೋಣೆಗೆ ಹೋದಳು.

ಅಲ್ಲಿ ಕೂರುತ್ತಿದ್ದವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ಅವಳ ಹಾಗೇ ಮನಶ್ಶಾಸ್ತ್ರಜ್ಞ. ಭಾರಿ ಮೈ. ನಡಿಗೆ, ಊಟ, ಮಾತು ಎಲ್ಲವೂ ನಿಧಾನ. ಒಂದು ವಾಕ್ಯ ಶುರು ಮಾಡಿದರೆ ಮುಗಿಯುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆ ಎಂದು ನರ್ಸುಗಳು ತಮಾಷೆ ಮಾಡುತ್ತಿದ್ದರು.

"ಒಂದಿನ ಫೋನ್ ಎತ್ತದೆ ಇದ್ದುಬಿಡ್ತೀನಿ" ಎಂದಳು ಡಾಕ್ಟರಮ್ಮ. "ಭಯ ಏರುತ್ತೆ, ಇಳಿಯುತ್ತೆ. ಅಕ್ಕನಿಗೂ ಗೊತ್ತಾಗಲಿ."

ನಿಧಾನಪ್ಪ ಚಹಾದ ಲೋಟ ಮೇಜಿನ ಮೇಲಿಟ್ಟ. "ಮೇಡಂ, ರೋಗಿಗೆ ಹೀಗೆ ಮಾಡೋ ಮುಂಚೆ ನಾವು ಏನ್ ಮಾಡ್ತೀವಿ?"

"ವಿವರಿಸ್ತೀವಿ. ಒಪ್ಪಿಗೆ ತಗೋತೀವಿ. ಸಣ್ಣದರಿಂದ ಶುರು ಮಾಡ್ತೀವಿ."

"ನಿಮ್ಮಕ್ಕನಿಗೆ ಹೇಳಿದೀರಾ?"

"ಹೇಳಿದರೆ ಒಪ್ಪಲ್ಲ."

"ಹಾಗಾದ್ರೆ ಅದು ಚಿಕಿತ್ಸೆ ಅಲ್ಲ ಮೇಡಂ," ಎಂದ ನಿಧಾನಪ್ಪ. "ಅದು ಫೋನ್ ಎತ್ತದೇ ಇರೋದು, ಅಷ್ಟೇ."

ಅವಳಿಗೆ ರೇಗಿತು. ಮರುದಿನವೇ ಫೋನನ್ನು ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿದಳು.

ಬೆಳಿಗ್ಗೆ ಪೂರ್ತಿ ಅದು ಮರದೊಳಗೆ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿತು. ಎದುರಿಗೆ ಕೂತ ರೋಗಿ, ನಿದ್ದೆ ಬಾರದ ಒಬ್ಬ ಮುದ್ರಣಾಲಯದ ಕೆಲಸಗಾರ, "ತಗೊಳ್ಳಿ ಮೇಡಂ, ಅರ್ಜೆಂಟಿರಬಹುದು" ಎಂದ. "ಇಲ್ಲ, ನೀವು ಹೇಳಿ" ಎಂದಳು. ಅವನು ಹೇಳಿದ್ದು ಒಂದಕ್ಷರವೂ ತಲೆಗೆ ಹೋಗಲಿಲ್ಲ. ಈಗ ಅಕ್ಕನ ಕೈ ಮರಗಟ್ಟಿರುತ್ತದೆ, ಈಗ ನೆಲದ ಮೇಲೆ ಕೂತಿರುತ್ತಾಳೆ, ಇನ್ನು ಇಳಿಯಬೇಕು, ಇಳಿದೇ ಇಳಿಯುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು. ಅದು ನಿಂತದ್ದು ಅವಳಿಗೆ ಇನ್ನೂ ಕೆಟ್ಟದಾಗಿ ಕೇಳಿಸಿತು. ಖಾನೆ ಎಳೆದು ತಾನೇ ಮನೆಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ.

ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದರೆ, ಕಾರಿಡಾರಿನ ಬೆಂಚಿನ ಮೇಲೆ ರೋಗಿಗಳ ನಡುವೆ ಅಕ್ಕ ಕೂತಿದ್ದಳು.

ಮನೆಯಲ್ಲಿ ಹಾಕುವ ರಬ್ಬರ್ ಚಪ್ಪಲಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿತ್ತು. ಅಷ್ಟು ವರ್ಷ ಬೀದಿಗೆ ಕಾಲಿಡದವಳು, ಮೂರು ದೊಡ್ಡ ರಸ್ತೆ ದಾಟಿ, ಕಂಡಕಂಡವರನ್ನು ದಾರಿ ಕೇಳಿ ನಡೆದೇ ಬಂದಿದ್ದಳು.

"ಅಕ್ಕಾ! ನೀನು ಒಬ್ಬಳೇ ನಡೆದು ಬಂದೆಯಾ?" ಡಾಕ್ಟರಮ್ಮನ ಮುಖದಲ್ಲಿ ಸಂತೋಷ ತಡೆಯಲಾರದೆ ಉಕ್ಕಿತು. ಪುಸ್ತಕದಲ್ಲಿ ಬರೆದದ್ದು ಕಣ್ಣೆದುರು ನಡೆದಿತ್ತು.

ಅಕ್ಕ ಆ ನಗುವನ್ನು ನೋಡಿದಳು. "ನೀನು ಸತ್ತೇ ಹೋದೆ ಅಂದ್ಕೊಂಡೆ" ಎಂದಳು. "ಹೆಣ ನೋಡೋಕೆ ಬಂದೆ. ನೀನು ನಗ್ತಾ ಇದೀಯ."

ಬೆಂಚಿನ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು.

ಆ ಸಂಜೆಯಿಂದ ಅಕ್ಕ ತಂಗಿಯ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಬಾಯಿ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ತಂಗಿ ಹೊರಟರೆ ತಾನೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು. ತಂಗಿ ಹತ್ತಿದ ಬಸ್ಸನ್ನು ತಾನೂ ಹತ್ತಿ, ಕಣ್ಣು ಗಟ್ಟಿ ಮುಚ್ಚಿ ಕಂಬಿ ಹಿಡಿದು ನಿಂತಳು. ಆಸ್ಪತ್ರೆಗೆ ಬಂದು ಅದೇ ಬೆಂಚಿನಲ್ಲಿ, ತಂಗಿಯ ಬಾಗಿಲಿಗೆ ಮುಖ ಮಾಡಿ ಕೂತಳು. ಮಡಿಲಲ್ಲಿ ಗುಂಡಿಗೆ ಕಾಜಾ ಹಾಕಬೇಕಾದ ಅಂಗಿಗಳು. ಸಂಜೆಯವರೆಗೂ ಕೂತು, ತಂಗಿಯ ಹಿಂದೆಯೇ ಮನೆಗೆ. ಮರುದಿನ ಮತ್ತೆ ಹಾಗೇ. ಅದರ ಮರುದಿನವೂ.

ಈ ತನಕ ಮನೆಯಲ್ಲಿದ್ದ ಪಂಜರ ಈಗ ಕೆಲಸದ ಜಾಗಕ್ಕೇ ಎದ್ದು ಬಂದಿತ್ತು. ರೋಗಿಯನ್ನು ಕಳಿಸಲು ಬಾಗಿಲು ತೆಗೆದಾಗಲೆಲ್ಲ ಎದುರಿಗೆ ಅಕ್ಕನ ಎರಡು ಕಣ್ಣು. ಕಾವಲುಗಾರ, "ದೊಡ್ಡಮ್ಮನೋರಿಗೆ ಹಾಜರಿ ಹಾಕ್ಲಾ?" ಎಂದು ನಗೆಯಾಡಿದ. ಡಾಕ್ಟರಮ್ಮ ನಗಲಿಲ್ಲ. ಕೋಣೆಯಲ್ಲಿ ಉಸಿರಾಡಲು ಗಾಳಿ ಸಾಲದೆನಿಸಿ, ರೋಗಿಗಳ ನಡುವಿನ ಬಿಡುವಿನಲ್ಲಿ ಹೆಂಗಸರ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಅವಳಿಗೆ ಒಬ್ಬಳೇ ಇರಲು ಸಿಕ್ಕುತ್ತಿದ್ದ ಜಾಗ ಅದೊಂದೇ.

ನಿಧಾನಪ್ಪ ತನ್ನ ಕೋಣೆಗೂ ಚಹಾ ಅಂಗಡಿಗೂ ಓಡಾಡುವಾಗ ಆ ಬೆಂಚನ್ನು ದಾಟಲೇಬೇಕಿತ್ತು. ಮೊದಮೊದಲು ತಲೆಯಾಡಿಸುತ್ತಿದ್ದ. ಒಂದು ದಿನ ತನ್ನ ಅಂಗಿಯ ತೋಳು ಮುಂದೆ ಹಿಡಿದು, "ಅಮ್ಮಾ, ಈ ಗುಂಡಿ ಕಿತ್ತು ವಾರ ಆಯ್ತು" ಎಂದ. ಅಕ್ಕ ಸೂಜಿ ಪೋಣಿಸಿದಳು. ಅವನು ಬೆಂಚಿನ ಮೇಲೆ ಕೂತ. ಬೆಂಚು ಕಿರುಗುಟ್ಟಿತು.

"ಇಲ್ಲಿ ಯಾಕೆ ಕೂರ್ತೀರಿ ಅಂತ ಕೇಳಬಹುದಾ?"

"ಅವಳು ಇದಾಳೆ ಅಂತ ನೋಡ್ಕೊಳ್ಳೋಕೆ."

"ನೋಡಿದರೆ ಸಮಾಧಾನ ಆಗುತ್ತಾ?"

ಅಕ್ಕ ನೂಲನ್ನು ಹಲ್ಲಿನಿಂದ ಕಡಿದಳು. "ಬಾಗಿಲು ತೆಗೆದಾಗ ಆಗುತ್ತೆ. ಮುಚ್ಚಿದ ಕೂಡ್ಲೇ ಹೋಗುತ್ತೆ."

"ನನ್ನ ಕೋಣೆಯೊಳಗೆ ಕೂತು ಇದನ್ನೇ ಹೇಳ್ತೀರಾ? ಬೇಡ ಅನ್ನಿಸಿದರೆ ಎದ್ದು ಬನ್ನಿ. ಬಾಗಿಲು ತೆಗೆದೇ ಇರಲಿ."

ತಂಗಿ ವರ್ಷಗಟ್ಟಲೆ ಹೇಳಿ ಸೋತದ್ದಕ್ಕೆ ಅಕ್ಕ ಒಂದು ಗುಂಡಿಯ ಹೊತ್ತಿನಲ್ಲಿ ಒಪ್ಪಿದಳು. ಯಾಕೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಅವನು ತಂಗಿಯಾಗಿರಲಿಲ್ಲ, ಬಹುಶಃ ಅಷ್ಟೇ.

ಅಲ್ಲಿಂದ ಡಾಕ್ಟರಮ್ಮನಿಗೆ ಹೊಸ ಸಂಕಟ ಶುರುವಾಯಿತು. ಒಳಗೆ ಏನು ಮಾತಾಯಿತು ಎಂದು ನಿಧಾನಪ್ಪ ಹೇಳುವಂತಿಲ್ಲ, ಅವಳು ಕೇಳುವಂತಿಲ್ಲ. ರೋಗಿಯ ಗುಟ್ಟು ಕೋಣೆ ದಾಟಬಾರದು ಎಂದು ಅವಳೇ ಹುಡುಗರಿಗೆ ಮೊದಲ ದಿನ ಕಲಿಸುತ್ತಿದ್ದಳು. ಆದರೆ ನಡುವೆ ಇದ್ದದ್ದು ಪ್ಲೈವುಡ್ಡು. ಅಕ್ಕನ ದನಿ ಗುಯ್‌ಗುಯ್ ಎಂದು ಕೇಳುತ್ತಿತ್ತು, ಪದ ಹಿಡಿಯಲಾಗುತ್ತಿರಲಿಲ್ಲ. ಒಂದು ದಿನ ತನ್ನ ಕುರ್ಚಿ ಗೋಡೆಯ ಕಡೆಗೆ ಸರಿದಿರುವುದನ್ನು ಅವಳು ಗಮನಿಸಿದಳು. ತಾನೇ ಸರಿಸಿದ್ದು, ಯಾವಾಗ ಎಂದು ನೆನಪಿಲ್ಲ. ಆಗ ಆಚೆಯಿಂದ ಅಕ್ಕ ನಕ್ಕದ್ದು ಕೇಳಿಸಿತು. ಹೊಟ್ಟೆ ತುಂಬ ನಗು. ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಅಕ್ಕ ಗುಣವಾಗುತ್ತಿದ್ದಾಳೆ ಎಂಬ ಸಂತೋಷಕ್ಕಿಂತ ಮೊದಲು ಡಾಕ್ಟರಮ್ಮನಿಗೆ ಬಂದದ್ದು ಅಸೂಯೆ. ಅದನ್ನು ಅವಳು ಗುರುತು ಹಿಡಿದಳು, ಗುರುತು ಹಿಡಿದರೂ ಅದು ಕರಗಲಿಲ್ಲ.

ನಿಧಾನಪ್ಪನ ಕೆಲಸವೂ ಅವನ ಹಾಗೇ ನಿಧಾನ. ಮೊದಲು ಅಕ್ಕ ಬೆಂಚು ಬಿಟ್ಟು ಹೊರಗಿನ ಗೇಟಿನವರೆಗೆ ಹೋಗಿ ಬರುವುದು. ಆಮೇಲೆ ಗೇಟಿನ ಆಚೆಯ ಅಂಗಡಿಗೆ. ಆಮೇಲೆ ಆಸ್ಪತ್ರೆಗೆ ಬಾರದೆ ಅರ್ಧ ದಿನ ಮನೆಯಲ್ಲೇ ಇರುವುದು. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಪ್ರತಿ ಸಲ ಹೇಳಿ, ಅಕ್ಕ ಹೂಂ ಎಂದ ಮೇಲೆ ಮಾತ್ರ. ಕೆಲವು ದಿನ ಅಕ್ಕ ಊಹೂಂ ಎನ್ನುತ್ತಿದ್ದಳು, ಅವನು ಆಗಲಿ ಎನ್ನುತ್ತಿದ್ದ. ಆ ನಡುವೆ ಎಂದೋ ತಂಗಿಯ ಮೇಲಿನ ಮುನಿಸೂ ಕರಗಿತು. ಒಂದು ಬೆಳಿಗ್ಗೆ, "ಕೊಡೆ ತಗೊಂಡು ಹೋಗು" ಎಂದಳು. ಅದೇ ರಾಜಿ.

ಒಂದು ಸಂಜೆ ಡಾಕ್ಟರಮ್ಮ ಮನೆಗೆ ಬಂದರೆ ಬಾಗಿಲಿಗೆ ಬೀಗ. ಇಷ್ಟು ವರ್ಷಗಳಲ್ಲಿ ಅವಳು ಒಬ್ಬಳೇ ಆ ಬೀಗದ ಮುಂದೆ ನಿಂತದ್ದು ಇದೇ ಮೊದಲು. ಕೆಳಗಿನ ಸೈಕಲ್ ಅಂಗಡಿಯವನು, "ಅಕ್ಕಾವ್ರು ನೂಲು ತರೋಕೆ ಹೋದರು, ಬರ್ತಾರೆ" ಎಂದ. ಚೀಲದಲ್ಲಿ ಕೈಯಾಡಿಸಿದಾಗ ತಿಳಿಯಿತು, ಅವಳ ಹತ್ತಿರ ಕೀಲಿಯೇ ಇಲ್ಲ. ಅಕ್ಕ ಒಳಗೋ ಜೊತೆಗೋ ಯಾವಾಗಲೂ ಇದ್ದೇ ಇರುತ್ತಿದ್ದರಿಂದ ಕೀಲಿ ಇಟ್ಟುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಕತ್ತಲಾಗುವ ಮೊದಲೇ ಅಕ್ಕ ಬಂದಳು, ಕೈಯಲ್ಲಿ ನೂಲಿನ ಪೊಟ್ಟಣ, ಮುಖದ ಮೇಲೆ ಹಬ್ಬದ ಕಳೆ. ತಂಗಿ ಎದ್ದು, "ಹೇಳಿ ಹೋಗೋಕಾಗಲ್ವಾ ನಿನಗೆ? ಎಷ್ಟು ಹೊತ್ತಿಂದ ಕೂತಿದೀನಿ!" ಎಂದು ಕಿರುಚಿದಳು. ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿ ಮೇಲೆ ನೋಡಿದ. ಅಕ್ಕನ ಮುಖದ ಕಳೆ ಇಳಿದುಹೋಯಿತು. ಅವಳು ಬೀಗ ತೆಗೆದಳು.

ಇತ್ತ ಮೇಷ್ಟ್ರಿಗೆ ಉತ್ತರ ಕೊಡಬೇಕಿತ್ತು. ಈಗ ಹೋಗಲು ಅಡ್ಡಿ ಏನಿದೆ? ಅವಳು ಆ ಪ್ರಶ್ನೆಯ ಸುತ್ತ ದಿನಗಟ್ಟಲೆ ಸುತ್ತಿದಳು. ಅಕ್ಕನಿಗೆ ಇನ್ನೂ ಪೂರ್ತಿ ಗುಣವಾಗಿಲ್ಲ ಎಂದುಕೊಂಡಳು. ಗುಣವಾದವರಿಗೂ ಮರಳಿ ಬರುವುದುಂಟು ಎಂದುಕೊಂಡಳು. ಕೊನೆಗೆ ಫೋನು ಮಾಡಿ, "ಅಕ್ಕನನ್ನ ಬಿಟ್ಟು ಬರೋ ಹಾಗಿಲ್ಲ ಸರ್, ಕ್ಷಮಿಸಿ" ಎಂದಳು. ಹೇಳಿದ ಕೂಡಲೇ ಜೀವಕ್ಕೆ ಹಾಯೆನಿಸಿತು. ಆ ಹಾಯೆನಿಸುವುದು ಏನೆಂದು ಅವಳಿಗೆ ಗೊತ್ತಿರಬೇಕಿತ್ತು.

ಕೆಲ ದಿನ ಬಿಟ್ಟು ಮೇಷ್ಟ್ರು ಇನ್ನೊಮ್ಮೆ ಕೇಳಿ ನೋಡೋಣವೆಂದು ಫೋನು ಮಾಡಿದರು. ತಂಗಿ ಸ್ನಾನಕ್ಕೆ ಹೋಗಿದ್ದಳು, ಅಕ್ಕ ಎತ್ತಿದಳು. ತಂಗಿ ತಲೆ ಒರೆಸುತ್ತ ಹೊರಗೆ ಬಂದಾಗ ಅಕ್ಕ ಹೊಲಿಗೆ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ನಿನ್ನ ಮೇಷ್ಟ್ರು ನನ್ನ ಆರೋಗ್ಯ ವಿಚಾರಿಸಿದರು. ನಾನು ಹಾಸಿಗೆ ಹಿಡಿದಿದೀನಿ ಅಂದ್ಕೊಂಡಿದಾರೆ ಪಾಪ."

"ನಾನು ಹಾಗೆ ಹೇಳಲಿಲ್ಲ ಅಕ್ಕಾ."

"ಏನಂತ ಹೇಳ್ದೆ?"

"ನಿನ್ನ ಬಿಟ್ಟು..."

"ನನ್ನ ಬಿಟ್ಟು ಬರೋಕಾಗಲ್ಲ ಅಂದೆ." ಅಕ್ಕನ ದನಿ ಏರಲಿಲ್ಲ. "ನನಗೆ ಕಾಯಿಲೆ ಇದ್ದದ್ದು ನಿಜ. ನಿನ್ನ ಅಷ್ಟು ವರ್ಷ ನಾನು ತಿಂದುಹಾಕಿದ್ದೂ ನಿಜ, ಆ ಸಂಕಟ ನನಗಿದೆ. ಆದರೆ ಇನ್ನು ಮೇಲೆ ನನ್ನ ಹೆಸರು ಹೇಳಬೇಡ ಪುಟ್ಟೀ. ನನ್ನನ್ನ ನಿನ್ನ ಬಾಗಿಲಿಗೆ ಅಗುಳಿ ಮಾಡ್ಕೊಬೇಡ. ಬೆಳಿಗ್ಗೆ ಆಸ್ಪತ್ರೆಗೆ ಹೋದ ತಕ್ಷಣ ಮೊದಲು ಫೋನ್ ಮಾಡೋದು ಯಾರು? ನಾನಾ?"

"ನೀನು ಗಾಬರಿ ಬೀಳ್ತೀಯ ಅಂತ..."

"ಈಗ ನಾನು ಬೀಳಲ್ಲ. ಆದರೂ ಮಾಡ್ತೀಯ. ನಾನು ಎತ್ತೋದು ಒಂಚೂರು ತಡ ಆದರೆ ನಿನ್ನ ದನಿ ಹೇಗಿರುತ್ತೆ ನಿನಗೆ ಗೊತ್ತಾ?"

ಡಾಕ್ಟರಮ್ಮ ಒದ್ದೆ ತಲೆಯಲ್ಲೇ ಮಂಚದ ಅಂಚಿಗೆ ಕೂತಳು. ಸಾವಿರ ಜನರಿಗೆ ಕನ್ನಡಿ ಹಿಡಿದವಳಿಗೆ ತನ್ನದೇ ಈ ಭಯ ಕಂಡಿರಲಿಲ್ಲ. ಕಾಣದ್ದೇನಲ್ಲ, ಅಕ್ಕನ ಭಯದ ಹಿಂದೆ ಅಚ್ಚುಕಟ್ಟಾಗಿ ಬಚ್ಚಿಟ್ಟುಕೊಂಡಿದ್ದಳು. ಯಾರೂ ಅವಳನ್ನು ಕೂಡಿಹಾಕಿರಲಿಲ್ಲ ಎನ್ನುವುದು ಕೂಡಿಹಾಕಿದ್ದಕ್ಕಿಂತ ಭಯ ಹುಟ್ಟಿಸಿತು.

ಅವಳು ಮನಸ್ಸು ಗಟ್ಟಿ ಮಾಡಿ ಮೇಷ್ಟ್ರಿಗೆ ಫೋನು ಮಾಡುವಷ್ಟರಲ್ಲಿ ಕಾಲೇಜಿನವರು ಬೇರೆಯೊಬ್ಬರನ್ನು ತೆಗೆದುಕೊಂಡಿದ್ದರು. ಮೇಷ್ಟ್ರು ತಿಳಿಸಿದಾಗ ಅವಳು, "ಸರ್, ಪಾಠಕ್ಕಲ್ಲ, ನನಗೋಸ್ಕರ ಬರಬಹುದಾ? ನನಗೆ ಯಾರ ಹತ್ತಿರವಾದರೂ ಮಾತಾಡ್ಬೇಕಾಗಿದೆ" ಎಂದಳು. "ನಾನು ನಿನ್ನ ಮೇಷ್ಟ್ರು, ನಿನಗೆ ಚಿಕಿತ್ಸೆ ಕೊಡೋ ಹಾಗಿಲ್ಲ. ಆದರೆ ಇಲ್ಲಿ ಒಬ್ಬ ಹೆಂಗಸು ಇದಾರೆ, ಮುದುಕಿ, ನನಗಿಂತ ಗಟ್ಟಿ. ನಿನ್ನ ಪರಿಚಯ ಅವರಿಗಿಲ್ಲ. ಅವರಿಗೆ ಹೇಳ್ತೀನಿ" ಎಂದರು.

ಹೀಗೆ ಅವಳು ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಒಂದು ರಾತ್ರಿ ಹೊರಗೆ ಉಳಿಯುವಂತೆ ರೈಲು ಹತ್ತಿದಳು. ಅಕ್ಕ ನಿಲ್ದಾಣಕ್ಕೆ ಬರಲಿಲ್ಲ. ಹೊಲಿದು ಕೊಡಬೇಕಾದ ಬಟ್ಟೆ ಇತ್ತು. ಊರಿನ ಕೊನೆಯ ಮನೆಗಳು ಹಿಂದೆ ಸರಿದವು. ಬಯಲು ಬಂತು. ಅವಳ ಎದೆ ಹೊಡೆದುಕೊಳ್ಳತೊಡಗಿತು. ಬೆರಳ ತುದಿ ಜೋಮು ಹಿಡಿಯಿತು. ಉಸಿರು ಅರ್ಧಕ್ಕೇ ನಿಂತಿತು. ಎದುರಿನ ಸೀಟಿನ ಹೆಂಗಸು ಏನೋ ಕೇಳಿದ್ದು ನೀರಿನೊಳಗಿಂದ ಬಂದಂತೆ ಕೇಳಿಸಿತು. ಇದೇನೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು, ಎಷ್ಟು ಹೊತ್ತು ಏರುತ್ತದೆ, ಹೇಗೆ ಇಳಿಯುತ್ತದೆ, ಎಲ್ಲ ಗೊತ್ತಿತ್ತು. ಭಯದಿಂದ ಯಾರೂ ಸಾಯುವುದಿಲ್ಲ ಎಂದು ಎಷ್ಟು ಜನರಿಗೆ ಹೇಳಿದ್ದಳು! ಆ ಹೊತ್ತಿಗೆ ಆ ಮಾತು ಅವಳಿಗೆ ಸುಳ್ಳೆನಿಸಿತು. ಸಾಯುತ್ತೇನೆ ಎಂದೇ ಅನಿಸಿತು. ಮೊದಲ ನಿಲ್ದಾಣದಲ್ಲಿ ಚೀಲ ಕಿತ್ತುಕೊಂಡು ಇಳಿದುಬಿಟ್ಟಳು.

ಸಣ್ಣ ನಿಲ್ದಾಣ. ಒಂದು ನಲ್ಲಿ, ಒಂದು ಕಲ್ಲುಬೆಂಚು. ರೈಲು ಹೋಯಿತು. ಮುಖ ತೊಳೆದುಕೊಂಡು ಕೂತಳು. ಎದೆಬಡಿತ ಇಳಿಯಿತು, ಇಳಿದ ಮೇಲೆ ನಾಚಿಕೆ ಬಂತು, ಆಮೇಲೆ ಅಳು ಬಂತು. ಆಚೆ ಪ್ಲಾಟ್‌ಫಾರಂಗೆ ಊರಿಗೆ ಹೋಗುವ ಗಾಡಿ ಬಂದು ನಿಂತಿತು. ಹತ್ತಿದರೆ ಊಟದ ಹೊತ್ತಿಗೆ ಮನೆ. ಅವಳು ಅದನ್ನು ನೋಡುತ್ತ ಕೂತಳು. ಅದು ಹೋದ ಮೇಲೂ ಕೂತೇ ಇದ್ದಳು. ಸಂಜೆಯ ಕಡೆಗೆ ಮೇಷ್ಟ್ರ ಊರಿನತ್ತ ಹೋಗುವ ಗಾಡಿ ಬಂದಾಗ ಎದ್ದು ಹತ್ತಿದಳು. ಧೈರ್ಯ ಬಂದಿತ್ತು ಎಂದಲ್ಲ. ಹೆದರಿಕೊಂಡೇ ಹತ್ತಿದಳು, ಬಾಗಿಲ ಬಳಿಯೇ ನಿಂತು ಹೋದಳು.

ಮರುದಿನ ಬೆಳಿಗ್ಗೆ ಆ ಮುದುಕಿಯ ಎದುರು ಕೂತಳು. ದೊಡ್ಡ ಕಿಟಕಿಯ ಕೋಣೆ. ಡಾಕ್ಟರಮ್ಮ ಶುರು ಮಾಡಿದ್ದೇ, "ನನ್ನದು ಬೇರ್ಪಡುವ ಭಯ, ಬಾಲ್ಯದ ಅಗಲಿಕೆಯಿಂದ ಬಂದದ್ದು, ಅಕ್ಕನ ಕಾಯಿಲೆಯಿಂದ ಅದಕ್ಕೆ ಪೋಷಣೆ..." ಎಂದು.

"ಅದನ್ನ ನಾನೂ ಓದಿದೀನಮ್ಮ" ಎಂದಳು ಮುದುಕಿ. "ನಿಮ್ಮಮ್ಮ ಹೋದ ದಿನ ನೀನು ಎಲ್ಲಿದ್ದೆ?"

ಡಾಕ್ಟರಮ್ಮ ನಿಧಾನಕ್ಕೆ, ಬಾಗಿಲ ಸಂದಿಯಲ್ಲಿ ನಿಂತಿದ್ದೆ ಎಂದಳು. ದೊಡ್ಡವರೆಲ್ಲ ಒಳಗೆ ಸೇರಿ, ಚಿಕ್ಕದನ್ನು ದೂರದ ಅತ್ತೆಯ ಮನೆಗೆ ಕಳಿಸೋಣ ಎಂದು ಮಾತಾಡುತ್ತಿದ್ದರು. ಅಕ್ಕ ಒಬ್ಬಳೇ ಎದ್ದು ನಿಂತು, "ಇವಳನ್ನ ಎಲ್ಲಿಗೂ ಕಳಿಸಲ್ಲ" ಎಂದಳು. "ನಾನು ಹೋಗಿ ಅವಳ ಲಂಗದ ಅಂಚು ಹಿಡ್ಕೊಂಡೆ," ಎಂದಳು ಡಾಕ್ಟರಮ್ಮ. ಮುದುಕಿ ಅವಸರ ಮಾಡಲಿಲ್ಲ.

ಈಗಲೂ ಅವಳು ತಿಂಗಳಿಗೆರಡು ಸಲ ಹೋಗಿ ಬರುತ್ತಾಳೆ. ಕೆಲವು ಸಲ ಒಂದೇ ಗಾಡಿಯಲ್ಲಿ ತಲುಪುತ್ತಾಳೆ, ಕೆಲವು ಸಲ ಮಧ್ಯೆ ಇಳಿಯುತ್ತಾಳೆ. ಕೆಲಸ ಅದೇ ಆಸ್ಪತ್ರೆಯಲ್ಲಿ, ಅದೇ ಪ್ಲೈವುಡ್ಡಿನ ಕೋಣೆಯಲ್ಲಿ. ಹೊರಗೆ ಹೋಗುವ ದಾರಿ ತೆರೆದೇ ಇದ್ದರೂ ಹೊರಡಲಾರದವಳು ಎಂಬ ಸಂಕಟ ಅವಳನ್ನು ಪೂರ್ತಿ ಬಿಟ್ಟಿಲ್ಲ. ಅಕ್ಕ ಮುಖ್ಯರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆಗೆ ಸೇರಿದ್ದಾಳೆ. ಅವಳಿಗೂ ಆಗೀಗ ಎದೆ ಹೊಡೆದುಕೊಳ್ಳುವುದುಂಟು, ಆಗ ಯಂತ್ರ ನಿಲ್ಲಿಸಿ, ಅದು ಇಳಿಯುವವರೆಗೆ ಕಾದು, ಮತ್ತೆ ತುಳಿಯುತ್ತಾಳಂತೆ.

ಮೊನ್ನೆಯ ಪಾಠದಲ್ಲಿ ತರಬೇತಿಯ ಹುಡುಗಿಯೊಬ್ಬಳು ಕೇಳಿದಳು, "ಇಷ್ಟೊಂದು ಸಿದ್ಧಾಂತದಲ್ಲಿ ಯಾವುದು ಸರಿ ಮೇಡಂ?" ಮೊದಲಾದರೆ ಡಾಕ್ಟರಮ್ಮನ ಹತ್ತಿರ ಇದಕ್ಕೆ ಒಂದು ಗಂಟೆಯ ಉತ್ತರ ಸಿದ್ಧವಾಗಿರುತ್ತಿತ್ತು. ಆ ದಿನ ಅವಳು ಕನ್ನಡಕ ತೆಗೆದು ಒರೆಸಿದಳು. "ಎಲ್ಲಾನೂ ಚೆನ್ನಾಗಿ ಕಲೀರಿ," ಎಂದಳು. "ಅವುಗಳ ಹಿಂದೆ ಬಚ್ಚಿಟ್ಟುಕೊಳ್ಳೋದು ತುಂಬ ಸುಲಭ. ನಿಮ್ಮ ಮಾತನ್ನ ಕೇಳೋಕೆ ನಿಮಗೂ ಒಬ್ಬರು ಇರಲಿ." ಹುಡುಗಿ ಅದನ್ನು ಬರೆದುಕೊಂಡಳೋ ಇಲ್ಲವೋ ಎಂದು ಅವಳು ನೋಡಲಿಲ್ಲ, ಹೊರಗೆ ಬೆಂಚು ತುಂಬಿತ್ತು, ಮುಂದಿನವರನ್ನು ಒಳಗೆ ಕರೆಯಬೇಕಿತ್ತು.